ಬುರುಜಿನ ಜಾಗಟೆ

ಅಂಬೂಸಾನ ಹಿತ್ತಾಳೆ ಯಂತ್ರ ನಮ್ಮ ಓಣಿಗೆ ಬಂದ ದಿನ ನನ್ನಷ್ಟು ಜೋರಾಗಿ ಚಪ್ಪಾಳೆ ತಟ್ಟಿದವರು ಇನ್ನೊಬ್ಬರಿರಲಿಲ್ಲ. ಅದು ನನ್ನ ಕೆಲಸಕ್ಕೇ ಕೈಹಾಕಲು ಬಂದಿದೆ ಎಂಬುದು ಚಪ್ಪಾಳೆ ತಟ್ಟಿ ಮುಗಿಸಿದ ಮೇಲೆ ಹೊಳೆಯಿತು. ಹೊಳೆದ ಮೇಲೂ ಅರ್ಧ ಮನಸ್ಸು ಕುಣಿಯುತ್ತಲೇ ಇತ್ತು, ಏನು ಮಾಡಲಿ? ಅಷ್ಟು ಚೆಂದದ ಯಂತ್ರ ಅದು. ಒಳಗೆ ಪುಟ್ಟ ಪುಟ್ಟ ಚಕ್ರಗಳು, ಮೇಲೆ ಒಂದು ಗಂಟೆ, ಪಕ್ಕದಲ್ಲಿ ಕೈ ಮುಗಿದುಕೊಂಡು ನಿಂತ ಅಂಬೂಸಾ. ಹೊಸದಾಗಿ ಓಣಿಯ ಅಳಿಯನಾಗಿ ಬಂದ ಹುಡುಗ, ಕಂಚುಗಾರರ ಮನೆಯವನು, ಮಾತಿಗೆ ಮೊದಲೇ ನಗುವವನು. ಅವನ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದರೂ ಬರುತ್ತಿರಲಿಲ್ಲ.

ನಮ್ಮ ಊರಿಗೆ ಎಂಟು ಓಣಿ. ಒಂದೊಂದು ಓಣಿಗೂ ತಾಸು ಬಾರಿಸುವ ಒಬ್ಬ ತಾಸುಗಾರ. ಆ ತಾಸುಗಾರನ ಹೊಡೆತ ಬಿದ್ದರೆ ಮಾತ್ರ ಆ ಓಣಿಯಲ್ಲಿ ಕಾಯುತ್ತಿದ್ದದ್ದು ಬರುತ್ತದೆ. ಒಲೆಯ ಮೇಲಿಟ್ಟ ಹಾಲು ಹೊಡೆತ ಬಿದ್ದಾಗಲೇ ಉಕ್ಕುವುದು. ಬರಬೇಕಾದ ನೆಂಟರು ಹೊಡೆತ ಬಿದ್ದಾಗಲೇ ತಿರುವಿನಲ್ಲಿ ಕಾಣಿಸಿಕೊಳ್ಳುವುದು. ಹೊಡೆತ ಬೀಳದಿದ್ದರೆ ಹಾಲು ಹಾಗೇ ಆವಿಯಾಡುತ್ತ ಕೂತಿರುತ್ತದೆ, ನೆಂಟರು ದಾರಿ ಸವೆಸುತ್ತಲೇ ಇರುತ್ತಾರೆ. ಸಂತೆಗೆ ಬರುವ ಪರ ಊರಿನವರು ಇದನ್ನು ಕೇಳಿ ಬಾಯಿ ಬಿಡುತ್ತಾರೆ. ಯಾರೂ ಹೊಡೆಯದೆ ಅವರ ಊರಿನಲ್ಲಿ ಹಾಲು ಹೇಗೆ ಉಕ್ಕುತ್ತದೋ, ನನಗಂತೂ ಅದೇ ದೊಡ್ಡ ಸೋಜಿಗ.

ನಮ್ಮದು ಚುರುಮುರಿ ಭಟ್ಟಿಯವರ ಓಣಿ. ತಾಸುಗಾರ್ತಿ ನಾನು, ಫಕೀರವ್ವ. ನಮ್ಮ ಅತ್ತೆಯ ಕೈಯಿಂದ ನನ್ನ ಕೈಗೆ ಬಂದ ಕಂಚಿನ ಜಾಗಟೆ, ಅದನ್ನು ಹೊಡೆಯಲು ಒಂದು ಕೊಡತಿ, ಓಣಿಯ ಬಾಯಲ್ಲಿ ತಾಸುಗಾರರಿಗೆಂದೇ ಕಟ್ಟಿದ ಮನೆ. ನನ್ನ ಜಾಗಟೆಯ ದನಿ ಎದೆಗೆ ತಾಗುವಂಥದು, ಆದರೆ ಅವಸರದ್ದಲ್ಲ. ಒಂದು ಹೊಡೆತಕ್ಕೂ ಇನ್ನೊಂದಕ್ಕೂ ನಡುವೆ ನೀವು ಎಲೆಗೆ ಸುಣ್ಣ ಹಚ್ಚಿ, ಮಡಚಿ, ಬಾಯಿಗಿಟ್ಟು, ಪಕ್ಕದ ಮನೆಯವಳನ್ನು ಒಂದು ಮಾತು ಆಡಿಕೊಳ್ಳಬಹುದು. ಅಷ್ಟು ಹೊತ್ತು ಅಕ್ಕಿ ಕಾದ ಮರಳಿನಲ್ಲಿ ಬಿದ್ದುಕೊಂಡು ಅರಳಲು ನನ್ನ ಹೊಡೆತವನ್ನೇ ಕಾಯುತ್ತಿರುತ್ತಿತ್ತು. ಹಾಗಾಗಿ ನಮ್ಮ ಓಣಿಯ ಚುರುಮುರಿ ಎಂದರೆ ಸ್ವಲ್ಪ ಕೆಂಪು, ಸ್ವಲ್ಪ ಸೀದ ವಾಸನೆ. ದೊಡ್ಡ ಭಟ್ಟಿಯಲ್ಲಿ ಮರಳು ತಿರುವುವ ನನ್ನ ಗಂಡ ಯಮನೂರಪ್ಪನ ಎರಡೂ ಮುಂಗೈ ಆ ಕಾಯುವ ಹೊತ್ತಿನ ಬಿಸಿಗೆ ಸುಟ್ಟು ಸುಟ್ಟು ಕಪ್ಪಾಗಿದ್ದವು. ಅವನು ಒಂದು ದಿನವೂ ನನ್ನನ್ನು ದೂರಲಿಲ್ಲ.

ಊಟದ ನಂತರ ಭಟ್ಟಿಗಳಿಗೆ ಬೂದಿ ಮುಚ್ಚುತ್ತಿದ್ದರು. ಆಗ ಓಣಿಯಲ್ಲಿ ಯಾರೂ ಏನನ್ನೂ ಕಾಯುವುದಿಲ್ಲ, ಅದಕ್ಕೇ ಓಣಿ ಮಲಗುತ್ತದೆ. ಅದು ಸುಮ್ಮನೆ ಕಣ್ಣು ಮುಚ್ಚುವ ನಿದ್ದೆಯಲ್ಲ. ಮನುಷ್ಯರು, ನಾಯಿ, ಕೋಳಿ ಎಲ್ಲವೂ ಮಲಗುತ್ತವೆ, ಹೊರಗಿನವರು ಕಾಲಿಟ್ಟರೆ ಅವರೂ ಅಲ್ಲೇ ಉರುಳುತ್ತಾರೆ. ನನಗೊಬ್ಬಳಿಗೆ ಮಾತ್ರ ಹಗಲು ನಿದ್ದೆ ಹತ್ತಿರ ಸುಳಿಯದು. ಹುಟ್ಟುಗುಣ, ಅದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ. ಕಟ್ಟೆಯ ಮೇಲೆ ಕೂತು ನೆರಳು ಸರಿಯುವುದನ್ನು ನೋಡುತ್ತಿದ್ದು, ಹೊತ್ತಾದಾಗ ಜಾಗಟೆ ಹೊಡೆಯುತ್ತಿದ್ದೆ. ಓಣಿ ಮೈಮುರಿದು ಏಳುತ್ತಿತ್ತು, ಯಮನೂರಪ್ಪ ಎಲ್ಲರಿಗಿಂತ ಕೊನೆಗೆ.

ಯಾವ ಓಣಿಗೆ ಯಾವ ತಾಸು ಎಂದು ಆಯುವವರು ಊರಿನ ಹಿರಿಯರು. ಹಿರಿಯರೆಂದರೆ ನಮ್ಮಲ್ಲಿ ಗುರಸಿದ್ದಪ್ಪಜ್ಜ, ಉಳಿದವರು ಅವನು ತಲೆಯಾಡಿಸಿದಾಗ ತಲೆಯಾಡಿಸುವವರು. ಹೊಡೆತ ಎಷ್ಟು ಸಣ್ಣದೋ, ಎಷ್ಟು ಒತ್ತೊತ್ತಾಗಿ ಬೀಳುತ್ತದೋ ಅಷ್ಟು ಮೇಲು ಎಂಬುದು ಅವರ ಅಳತೆ. ಆಯ್ಕೆಯ ಬೆಳಗ್ಗೆ ಭಟ್ಟಿಗಳೆಲ್ಲ ಧಗಧಗ ಉರಿಯುತ್ತಿದ್ದವು. ಅಂಬೂಸಾ ಯಂತ್ರವನ್ನು ದೊಡ್ಡ ಭಟ್ಟಿಯ ಮಗ್ಗುಲಿಗೆ ಕೂರಿಸಿದ. ಭಟ್ಟಿಯ ಬಿಸಿಗೆ ಚಕ್ರಗಳು ತಿರುಗತೊಡಗಿದವು. ಟಿಣ್ ಟಿಣ್ ಟಿಣ್ ಟಿಣ್! ಯಮನೂರಪ್ಪ ಮರಳಿಗೆ ಅಕ್ಕಿ ಸುರಿದ, ಸುರಿಯುವುದೇ ತಡ, ಕಡಾಯಿ ತುಂಬ ಬೆಳ್ಳಗೆ ಅರಳಿ ಎದ್ದುಬಿಟ್ಟಿತು. ಓಣಿಗೆ ಓಣಿಯೇ ಹೋ ಎಂದು ಕೂಗಿತು. ನಾನೂ ಒಂದು ಹಿಡಿ ಬಾಯಿಗೆ ಹಾಕಿಕೊಂಡು ನೋಡಿದೆ. ಹಗುರ ಎಂದರೆ ಹಗುರ, ಸೀದ ವಾಸನೆಯ ಸುಳಿವಿಲ್ಲ. ಹೊಟ್ಟೆಯಲ್ಲಿ ಒಂದು ಕಡೆ ಖುಷಿ, ಒಂದು ಕಡೆ ಉರಿ.

"ಇಷ್ಟ ಸಣ್ಣ ಹೊಡ್ತ ನಾ ಹುಟ್ಟಿದಾಗಿಂದ ಕೇಳಿಲ್ಲ ಬಿಡು," ಎಂದ ಗುರಸಿದ್ದಪ್ಪಜ್ಜ. "ಫಕೀರವ್ವ, ಸಿಟ್ಟಾಗಬ್ಯಾಡವಾ. ನಿನ್ನ ಜಾಗಟಿ ಇದರ ಮುಂದ ನಿಲ್ಲೂದುಲ್ಲ."

"ನಿಲ್ಲೂದುಲ್ಲ ಅಂತ ನನಗೂ ಗೊತ್ತೈತ್ರಿ ಅಜ್ಜಾರ. ಆದ್ರ ಮನಿ ಬಿಟ್ಟು ಹೋಗು ಅಂದ್ರ ಹೆಂಗ್ರಿ?"

"ಒಂದ ಓಣ್ಯಾಗ ಇಬ್ಬರು ತಾಸುಗಾರರು ಇದ್ರ ಹಾಲು ಎರಡೆರಡು ಸಲ ಉಕ್ಕತೈತಿ. ಮೊದಲಿಂದ ಬಂದ ಪದ್ಧತಿ, ನಾ ಮಾಡಿದ್ದಲ್ಲ. ಬುರುಜಿನ ಮ್ಯಾಲ ಒಂದು ಖೋಲಿ ಖಾಲಿ ಐತಿ. ಅಲ್ಲೆ ಇರು. ಒಂದ ಮಾತು, ಅಲ್ಲಿಂದ ಮಾತ್ರ ಜಾಗಟಿ ಹೊಡೀಬಾರದು. ಹೊಡೆದಿ ಅಂದ್ರ ಊರ ಬಿಡಸ್ತೇನಿ."

ಊರ ನಡುವಿನ ಆ ಹಳೇ ಬುರುಜು ಯಾವ ಓಣಿಗೂ ಸೇರಿದ್ದಲ್ಲ. ಅಲ್ಲಿ ಹೊಡೆದರೆ ಎಂಟೂ ಓಣಿಗೆ ಕೇಳುತ್ತದೆ, ಅದಕ್ಕೇ ಅಲ್ಲಿಗೆ ತಾಸುಗಾರರನ್ನು ಇಟ್ಟಿರಲಿಲ್ಲ. ನಾನು ಹಾಸಿಗೆ ಸುತ್ತಿದೆ, ಜಾಗಟೆ ಹೆಗಲಿಗೆ ಹಾಕಿಕೊಂಡೆ. ಯಮನೂರಪ್ಪ ಭಟ್ಟಿ ಬಿಟ್ಟು ಬರುವ ಹಾಗಿರಲಿಲ್ಲ. ಅವನ ಕೈಯ ಹದಕ್ಕೆ ಮರಳು ತಿರುವುವವರು ಓಣಿಯಲ್ಲಿ ಇನ್ನೊಬ್ಬರಿಲ್ಲ. ಹೊಸಿಲ ತನಕ ಬಂದು ನಿಂತ.

"ಬುರುಜೇನು ಪರದೇಶ ಆತೇನ? ದಿನಾ ಸಂಜಿಗೆ ಬರ್ತೇನಿ. ಬಿಸಿ ಚುರುಮುರಿ ತರ್ತೇನಿ, ಇಬ್ಬರೂ ಕೂತು ತಿನ್ನೂಣು. ಅಳಬ್ಯಾಡ."

"ನಾ ಎಲ್ಲಿ ಅಳಾಕತ್ತೇನಿ? ನೀವು ಬರ್ರಿ ಮೊದಲ, ಆಮ್ಯಾಲ ನೋಡೂಣು."

ಬರಲಿಲ್ಲ. ಮೊದಲ ಸಂಜೆ ಬರಲಿಲ್ಲ, ಮರುದಿನ ಬರಲಿಲ್ಲ, ಅದರ ಮರುದಿನವೂ ಇಲ್ಲ. ಬುರುಜಿನ ಮೇಲೆ ಕೂತು ನಮ್ಮ ಓಣಿಯ ಕಡೆಗೇ ನೋಡುತ್ತಿದ್ದೆ. ಬಿಳಿ ಚುರುಮುರಿಗೆ ಊರೆಲ್ಲ ಮುಗಿಬಿದ್ದಿತ್ತು. ಹಗಲೂ ರಾತ್ರಿಯೂ ಭಟ್ಟಿಗಳಿಗೆ ಬೂದಿ ಮುಚ್ಚುವುದೇ ನಿಂತುಹೋಗಿತ್ತು, ಮಧ್ಯಾಹ್ನದ ನಿದ್ದೆ ಇಲ್ಲ, ಟಿಣ್ ಟಿಣ್ ನಿಲ್ಲುವುದಿಲ್ಲ. ನೇಕಾರ ಓಣಿಯವರು, ಕುಂಬಾರ ಓಣಿಯವರು ತಮಗೂ ಅಂಥದೇ ಯಂತ್ರ ಬೇಕೆಂದು ಅಂಬೂಸಾನಿಗೆ ದುಂಬಾಲು ಬಿದ್ದಿದ್ದರಂತೆ. ಗಂಡನಿಗೆ ಮೈತುಂಬ ಕೆಲಸ, ಹೆಂಡತಿಯ ನೆನಪು ಎಲ್ಲಿಂದ ಬರಬೇಕು ಎಂದುಕೊಂಡೆ. ಬಾಯಿಗೆ ಬಂದದ್ದೆಲ್ಲ ಬೈದೆ. ಬುರುಜಿನ ಗೋಡೆಯ ಓತಿಕೇತಗಳು ಕೇಳಿಸಿಕೊಂಡವು. ಬೈದು ಮುಗಿದ ಮೇಲೆ ಮತ್ತೆ ಮೆಟ್ಟಿಲ ಕಡೆಗೆ ನೋಡುತ್ತ ಕೂತುಬಿಡುತ್ತಿದ್ದೆ. ಅವನಿಲ್ಲದೆ ನನಗೆ ತುತ್ತು ಇಳಿಯುತ್ತಿರಲಿಲ್ಲ ಎಂಬುದು ನಿಜ, ಅದರಲ್ಲಿ ನಾಚಿಕೆ ಏನಿದೆ.

ಒಂದು ಬೆಳಗ್ಗೆ ಎದ್ದು ನೋಡಿದರೆ ಏಳು ಓಣಿಗಳಲ್ಲಿ ಹೊಗೆ ಏಳುತ್ತಿತ್ತು, ನಮ್ಮದರಲ್ಲಿ ಇಲ್ಲ. ಟಿಣ್ ಎಂಬ ಸದ್ದೂ ಇಲ್ಲ. ಹಿಂದಿನ ದಿನ ಗಿರಾಕಿಗಳ ನೂಕುನುಗ್ಗಲು ಇಳಿದು, ಊಟ ಮಾಡಿ, ಭಟ್ಟಿಗೆ ಬೂದಿ ಮುಚ್ಚಿ, ಓಣಿ ಬಹಳ ದಿನದ ಮೇಲೆ ಮಲಗಿತ್ತು. ಮಲಗಿದ್ದು ಎದ್ದೇ ಇರಲಿಲ್ಲ. ಜಾಗಟೆ ಕೊಡತಿ ಎತ್ತಿಕೊಂಡು ಓಡಿದೆ.

ಓಣಿಯ ಬಾಯಲ್ಲಿ ಜನ ಸೇರಿದ್ದರು. ಗುರಸಿದ್ದಪ್ಪಜ್ಜ ಕೋಲು ಊರಿಕೊಂಡು ನಿಂತಿದ್ದ. ಕಟ್ಟಿಗೆ ಹೊರುವ ಲಗಮಪ್ಪ, ಊರಿಗೆಲ್ಲ ಪೈಲ್ವಾನ ಎನಿಸಿಕೊಂಡವನು, ಮೀಸೆ ತಿರುವಿ, "ಸರೀರಿ, ನಾ ಹೋಗಿ ಒಬ್ಬೊಬ್ಬರನ್ನ ಎತ್ತಿ ಕುಕ್ಕರಿಸ್ತೇನಿ," ಎಂದು ಒಳಗೆ ಹೊರಟ. ಮೊದಲನೆಯ ಮನೆ ದಾಟಲಿಲ್ಲ. ಕಟ್ಟೆಯ ಮೇಲೆ ಕೂತ, ಆಕಳಿಸಿದ, ಕೈಯನ್ನೇ ದಿಂಬು ಮಾಡಿಕೊಂಡು ಗೊರಕೆ ಹೊಡೆಯತೊಡಗಿದ. ಯಾರಿಗೂ ನಗು ಬರಲಿಲ್ಲ. ಊರ ಆಚೆ ಒಂದು ಹಾಳುಬಿದ್ದ ಜಾಗವಿದೆ, ಗೋಡೆಗಳ ನಡುವೆ ಹುಣಸೆ ಮರಗಳು ಬೆಳೆದಿವೆ. ಒಂದಾನೊಂದು ಕಾಲಕ್ಕೆ ಅದು ನಮ್ಮ ಒಂಬತ್ತನೆಯ ಓಣಿ. ಅದೂ ಹೀಗೆಯೇ ಒಂದು ಮಧ್ಯಾಹ್ನ ಮಲಗಿದ್ದು. ಎಲ್ಲರ ಕಣ್ಣೂ ಆ ಕಡೆಗೇ ಹೋಗಿ ಬರುತ್ತಿತ್ತು.

ನಾನು ಯಾರನ್ನೂ ಕೇಳದೆ ಒಳಗೆ ನುಗ್ಗಿದೆ. ಜೋಂಪು ಮುಖಕ್ಕೆ ಬಡಿಯಿತು, ಬಡಿದು ಹೋಯಿತು, ನನಗೆ ಅದು ಎಂದಾದರೂ ಹತ್ತಿದ್ದುಂಟೇ! ದೊಡ್ಡ ಭಟ್ಟಿಯ ಪಕ್ಕ ಯಮನೂರಪ್ಪ ಬಾಯಿ ತೆರೆದು ಮಲಗಿದ್ದ. "ಏನ್ರಿ, ಏಳ್ರಿ! ಬೆಳಗಾಗೇತ್ರಿ!" ಎಂದು ಹೆಗಲು ಹಿಡಿದು ಅಲುಗಿಸಿದೆ. ತಲೆ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ವಾಲಿತು, ಅಷ್ಟೆ. ಎಚ್ಚರವೂ ಒಂದು ಕಾಯುವ ವಸ್ತುವೇ ತಾನೆ, ಹೊಡೆತವಿಲ್ಲದೆ ಎಲ್ಲಿಂದ ಬರಬೇಕು? ಅಂಬೂಸಾ ಯಂತ್ರಕ್ಕೆ ಒರಗಿ ಮಲಗಿದ್ದ. ಯಂತ್ರ ಮುಟ್ಟಿದೆ, ತಣ್ಣಗೆ ಕೊರೆಯುತ್ತಿತ್ತು. ಆಗ ನನಗೆ ಇಡೀ ಕಥೆ ಒಮ್ಮೆಲೇ ತಿಳಿದುಹೋಯಿತು. ಭಟ್ಟಿ ಕಾದರೆ ಯಂತ್ರ ತಿರುಗಬೇಕು, ಯಂತ್ರ ಹೊಡೆದರೆ ಓಣಿ ಏಳಬೇಕು, ಓಣಿ ಎದ್ದರೆ ಭಟ್ಟಿ ಉರಿಯಬೇಕು! ಮಲಗಿದವರನ್ನು ಎಬ್ಬಿಸಬೇಕಾದ ಯಂತ್ರವನ್ನು ನಾವು ಎಲ್ಲರೂ ಕಣ್ಣು ಬಿಟ್ಟುಕೊಂಡು, ಭಟ್ಟಿ ಉರಿಸಿಕೊಂಡು ಪರೀಕ್ಷೆ ಮಾಡಿದ್ದೆವು. ಇಂಥ ಜಾಣರು ಇನ್ನೆಲ್ಲಿ ಸಿಕ್ಕಾರು!

ಬೂದಿ ಕೆದರಿ ಕಡ್ಡಿ ಗೀರಿದೆ. ಗೀರಿದಷ್ಟೂ ಕಡ್ಡಿ ಹೊತ್ತಲಿಲ್ಲ, ಆ ಓಣಿಯಲ್ಲಿ ಬೆಂಕಿಯೂ ಹೊಡೆತಕ್ಕೇ ಕಾಯುತ್ತಿತ್ತು. ಜಾಗಟೆ ಎತ್ತಿ ಬಲವೆಲ್ಲ ಹಾಕಿ ಹೊಡೆದೆ. ಡಬ್ ಎಂದಿತು, ಹಳೇ ತಟ್ಟೆ ಬಡಿದ ಹಾಗೆ. ಒಮ್ಮೆ ಒಂದು ಓಣಿಯಿಂದ ಇಳಿಸಿದ ಜಾಗಟೆ ಆ ಓಣಿಯೊಳಗೆ ಬರೀ ತಗಡು. ಅದು ಗೊತ್ತಿದ್ದೂ ಹೊಡೆದಿದ್ದೆ. ಯಮನೂರಪ್ಪನ ಕೆನ್ನೆ ಮುಟ್ಟಿ ನೋಡಿದೆ, ಬೆಚ್ಚಗಿತ್ತು. ಆ ಬಿಸಿ ಆರುವುದರೊಳಗೆ ಏನಾದರೂ ಮಾಡಬೇಕೆಂದು ಹೊರಗೆ ಓಡಿಬಂದೆ.

"ಅಜ್ಜಾರ, ದಾರಿ ಬಿಡ್ರಿ. ಬುರುಜಿನ ಮ್ಯಾಲಿಂದ ಹೊಡೀತೇನಿ."

"ಹುಚ್ಚ ಹಿಡದೈತೇನು ನಿನಗ?" ಗುರಸಿದ್ದಪ್ಪಜ್ಜ ಕೋಲು ಅಡ್ಡ ಹಿಡಿದ. "ಎಂಟೂ ಓಣಿಗೆ ಕೇಳತೈತಿ! ಯಾರ‍್ಯಾರು ಏನೇನು ಕಾಯಾಕತ್ತಾರೋ ಎಲ್ಲಾ ಒಮ್ಮೆಲೇ ಬಂದು ಮೈಮ್ಯಾಲ ಬೀಳತೈತಿ!"

"ಬೀಳಲಿ!"

"ಊರ ಬಿಡಸ್ತೇನಿ ನೋಡು!"

"ಬಿಡಸ್ರಿ! ಗಂಡನ್ನ ಎಬ್ಬಿಸಿಕೊಂಡು ಹೋಗ್ತೇನಿ!"

ಕೋಲಿನ ಕೆಳಗೆ ನುಸುಳಿ ಓಡಿದೆ. ಈ ವಯಸ್ಸಿನಲ್ಲಿ ಅಂಥ ಓಟ ನನ್ನಲ್ಲಿ ಇದೆಯೆಂದು ನನಗೇ ಗೊತ್ತಿರಲಿಲ್ಲ. ಬುರುಜು ಹತ್ತಿ, ಜಾಗಟೆಯನ್ನು ಕಲ್ಲಿನ ಕೊಂಡಿಗೆ ತೂಗುಹಾಕಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೊಡತಿಯನ್ನು ಎರಡೂ ಕೈಯಲ್ಲಿ ಎತ್ತಿ ಹೊಡೆದೆ.

ಅಬ್ಬಾ! ಆ ದನಿ! ಅದು ಕಲ್ಲಿಗೆ ಹೊಕ್ಕು ಕಾಲಿನಿಂದ ನನ್ನ ತಲೆಗೆ ಏರಿತು. ಊರಿಗೆ ಊರೇ ಉಕ್ಕಿತು. ಎಂಟೂ ಓಣಿಯ ಒಲೆಗಳ ಮೇಲೆ ಹಾಲು ಒಮ್ಮೆಲೇ ಉಕ್ಕಿ ಚೊರ್ ಎಂದ ಸದ್ದು ಬುರುಜಿನ ಮೇಲಿನ ತನಕ ಕೇಳಿಸಿತು. ಕುಂಬಾರ ಓಣಿಯಲ್ಲಿ ಆವಿಗೆಯ ಮಡಿಕೆಗಳೆಲ್ಲ ಒಟ್ಟಿಗೆ ಬೆಂದು ನಿಂತವು. ಕಾವು ಕೂತ ಕೋಳಿಗಳ ಕೆಳಗೆ ಮರಿಗಳು ಚಿಲಿಪಿಲಿ ಎಂದವು. ನೇಕಾರ ಓಣಿಯ ಒಬ್ಬಳಿಗೆ ಬರಬೇಕಿದ್ದ ಹಲ್ಲುನೋವು ಬಂತು, ಒಬ್ಬಳಿಗೆ ಬರಬೇಕಿದ್ದ ಮಗಳು ಬಂದಳು. ಗುರಸಿದ್ದಪ್ಪಜ್ಜನ ಬೀಗರು ಬೇಸಿಗೆಗೆ ಬರುತ್ತೇವೆಂದು ಹೇಳಿ ಕಳಿಸಿದವರು, ಗಾಡಿ ತುಂಬ ಮಂದಿ, ಅಜ್ಜನ ಮನೆಯ ಮುಂದೆ ಇಳಿದು ಕಾಲಿಗೆ ನೀರು ಕೇಳಿದರು. ನಾನು ಅದ್ಯಾವುದನ್ನೂ ಸರಿಯಾಗಿ ನೋಡಲಿಲ್ಲ. ನನ್ನ ಕಣ್ಣು ನಮ್ಮ ಓಣಿಯ ಮೇಲಿತ್ತು. ಮೊದಲು ಒಂದು ನಾಯಿ ಮೈಕೊಡವಿ ಎದ್ದಿತು. ಲಗಮಪ್ಪ ಕಟ್ಟೆಯಿಂದ ಕೆಳಗೆ ಬಿದ್ದ. ಬಾಗಿಲುಗಳು ತೆರೆದವು, ಕೂಗಾಟ ಎದ್ದಿತು, ದೊಡ್ಡ ಭಟ್ಟಿಯಿಂದ ಹೊಗೆ ಮೇಲಕ್ಕೆ ಬಂತು. ಟಿಣ್ ಟಿಣ್ ಟಿಣ್!

ನಾನು ಕುಣಿದೆ. ಸುಳ್ಳೇಕೆ ಹೇಳಲಿ, ಬುರುಜಿನ ಮೇಲೆ ಒಬ್ಬಳೇ ಗಿರಗಿರ ತಿರುಗಿ ಕುಣಿದೆ. ಹೊಗೆ ದಟ್ಟವಾಗುವುದನ್ನು ನೋಡಿ ನೋಡಿ, ಖುಷಿ ತಡೆಯಲಾರದೆ, ಯಾವ ಕಾರಣವೂ ಇಲ್ಲದೆ ಇನ್ನೊಂದು ಸಲ ಹೊಡೆದುಬಿಟ್ಟೆ. ಆಗ ಮೆಟ್ಟಿಲ ತುದಿಯಲ್ಲಿ ಒಂದು ರುಮಾಲು ಕಾಣಿಸಿತು, ರುಮಾಲಿನ ಕೆಳಗೆ ಬೆವರಿದ ಮುಖ, ಯಮನೂರಪ್ಪ.

"ಅಂತೂ ಮುಗದವಲ್ಲ ಈ ಸುಡುಗಾಡು ಮೆಟ್ಟಲಾ!" ಎಂದು ಅಲ್ಲೇ ಕುಸಿದು ಕೂತ.

"ಇಷ್ಟ ದಿನ ಎಲ್ಲಿ ಸತ್ತಿದ್ರಿ?"

"ಎಲ್ಲಿ ಸಾಯಲಿ? ದಿನಾ ಸಂಜಿಗೆ ಬಂದೇನಿ. ಹತ್ತಿದಷ್ಟೂ ಮೆಟ್ಟಲಾ, ಹತ್ತಿದಷ್ಟೂ ಮೆಟ್ಟಲಾ. ನೀ ಮ್ಯಾಲ ಬೈಯೂದು ಕೇಳಸ್ತಿತ್ತು. ಬಂದೆ ಬಂದೆ ಅಂತ ಒದರಿದ್ರ ನಿನಗ ಕೇಳಸಲಿಲ್ಲ. ಕಾಲ ಸೋತು ತಿರುಗಿ ಹೋಗತಿದ್ದೆ, ಮರುದಿನ ಮತ್ತ ಬರತಿದ್ದೆ."

ಬುರುಜಿಗೆ ತಾಸುಗಾರರಿಲ್ಲ. ಅಲ್ಲಿ ಹೊಡೆತ ಬೀಳುವುದಿಲ್ಲ. ಹೊಡೆತ ಬೀಳದ ಕಡೆ ಕಾಯುತ್ತ ಕೂತಿದ್ದೆ ನಾನು, ಇಷ್ಟು ವರ್ಷ ತಾಸು ಹೊಡೆದವಳು! ಅವನು ಪ್ರತಿ ಸಂಜೆ ನನ್ನ ಕಾಲ ಕೆಳಗೇ ಮೆಟ್ಟಿಲು ಹತ್ತುತ್ತಿದ್ದ, ನಾನು ಮೇಲೆ ಕೂತು ಅವನ ವಂಶವನ್ನೇ ಜಾಲಾಡುತ್ತಿದ್ದೆ. ಅಳು ಬಂತು. ಈ ಸಲ ಇಲ್ಲ ಎನ್ನಲಿಲ್ಲ, ಅವನ ಹೆಗಲಿಗೆ ಮುಖ ಒತ್ತಿ ಚೆನ್ನಾಗಿ ಅತ್ತೆ. ಅವನು ಸೊಂಟದಿಂದ ಚುರುಮುರಿ ಗಂಟು ಬಿಚ್ಚಿ ನನ್ನ ಮುಂದೆ ಹಿಡಿದ. ಆಗ ಅವನ ಮುಂಗೈ ನೋಡಿದೆ. ಸುಟ್ಟ ಕಲೆಗಳು ಒಣಗಿ, ಕೆಳಗಿನಿಂದ ಹೊಸ ಚರ್ಮ ಬರುತ್ತಿತ್ತು.

ಅಷ್ಟರಲ್ಲಿ ಗುರಸಿದ್ದಪ್ಪಜ್ಜ ಏದುಸಿರು ಬಿಡುತ್ತ ಹತ್ತಿ ಬಂದ, ಅವನನ್ನು ನಾನು ಕಾಯುತ್ತಿರಲಿಲ್ಲವಲ್ಲ, ಮೆಟ್ಟಿಲು ಅವನನ್ನು ತಡೆಯಲಿಲ್ಲ. ಅವನ ಹಿಂದೆ ಮೈಯೆಲ್ಲ ಬೂದಿ ಮೆತ್ತಿಕೊಂಡ ಅಂಬೂಸಾ, ಅವನ ಹಿಂದೆ ಊರು. ಅಜ್ಜ ನನ್ನನ್ನು ಬೈಯಬೇಕೋ ಹೊಗಳಬೇಕೋ ತಿಳಿಯದೆ, ಬೀಗರ ಸಿಟ್ಟನ್ನೆಲ್ಲ ಯಂತ್ರದ ಮೇಲೆ ಹಾಕಿದ.

"ಆ ಹಿತ್ತಾಳಿ ಕಿತ್ತ ಒಗೀರಿ! ಫಕೀರವ್ವ ತನ್ನ ಮನಿಗೆ ಹೋಗ್ಲಿ. ಜಾಗಟಿ ಮೊದಲಿನಂಗ ಓಣಿಗೆ ಬರ್ಲಿ."

ಕೇಳಬೇಕೆಂದು ಎಷ್ಟೋ ಸಂಜೆ ಹಂಬಲಿಸಿದ ಮಾತು! ಎದ್ದು ನಿಂತೆ, ಹಾಸಿಗೆಯ ಕಡೆಗೆ ಕೈ ಚಾಚಿದೆ. ಅಂಬೂಸಾ ತಲೆ ತಗ್ಗಿಸಲಿಲ್ಲ, ನನ್ನ ಕಣ್ಣನ್ನೇ ನೋಡಿ ಹೇಳಿದ.

"ಅಕ್ಕಾ, ನನ್ನ ಯಂತ್ರ ಓಣಿ ಜೋಡಿ ಮಲಗತೈತಿ. ಅದು ಅದರ ಹಣೆಬರಹ, ಒಪ್ಪಕೊಂಡೆ. ಆದ್ರ ನೇಕಾರ ಓಣ್ಯಾಗ ನಿನ್ನೆನ ಒಂದು ಕೂಡಿಸಿ ಬಂದೇನಿ, ಕುಂಬಾರ ಓಣ್ಯಾಗೂ ಕೂಡಿಸೇನಿ. ಕಿತ್ತರ ಅವರು ನನ್ನ ಕೈ ಕಡೀತಾರ. ಅವು ಮಲಗಿದ್ರ ಎಬ್ಬಸಾಕ ಯಾರದಾರ?"

ನಾನು ಯಮನೂರಪ್ಪನ ಕೈಯನ್ನು ಮತ್ತೊಮ್ಮೆ ನೋಡಿದೆ. ನಾನು ಮನೆಗೆ ಹೋದರೆ ಆ ಹೊಸ ಚರ್ಮ ಮತ್ತೆ ಸುಡುತ್ತದೆ. ಮನೆಯೂ ಬೇಕಿತ್ತು, ಆ ಕೈಯೂ ಬೇಕಿತ್ತು. ಮನಸ್ಸು ಹರಿದು ಎರಡಾದ ಹಾಗಿತ್ತು. ಕೈ ಚಾಚಿದ್ದನ್ನು ಹಿಂದಕ್ಕೆ ತೆಗೆದುಕೊಂಡು ಹಾಸಿಗೆಯ ಮೇಲೆ ಗಟ್ಟಿಯಾಗಿ ಕೂತೆ.

"ಕೇಳ್ರಿಲ್ಲೆ ಎಲ್ಲಾರೂ. ಎಂಟೂ ಓಣ್ಯಾಗ ಯಂತ್ರ ಇರ್ಲಿ, ಎಚ್ಚರಿದ್ದಾಗ ಅವು ಹೊಡೀಲಿ. ಮಲಗೂಕಿಂತ ಮೊದಲ ಒಬ್ಬರು ಬಂದು ಬುರುಜಿನ ಬುಡದಾಗ ನಿಂತು, ಯಾವಾಗ ಏಳಬೇಕು ಅಂತ ಒದರಿ ಹೋಗ್ರಿ. ಎಲ್ಲಾರ ಹೊತ್ತು ತಲ್ಯಾಗ ಇಟಗೊಂಡು ಕುಂಡ್ರಾಕ ನನ್ನ ಕಡೆ ಆಗೂದುಲ್ಲ. ಗ್ವಾಡಿ ಮ್ಯಾಲ ಗೀರಿಟ್ಟು, ಮೊದಲ ಬರೂ ಹೊತ್ತು ಒಂದ ನೆನಪಿಡ್ತೇನಿ. ಅದು ಮುಗೀತಂದ್ರ ಅದರ ಮುಂದಿಂದು. ಯಾವ ಓಣಿ ಏಳಬೇಕೋ ಆ ಕಡೆ ಬಿಟ್ಟು ಉಳಿದ ಕಡೆಗೆಲ್ಲ ದಪ್ಪ ಗೋಣಿತಾಟು ಇಳಿಬಿಡ್ತೇನಿ, ನಿಮ್ಮ ಹಾಲು ಉಕ್ಕೂದುಲ್ಲ."

"ಆತವಾ, ಬಂಗಾರದಂಥ ಮಾತು," ಎಂದ ಅಜ್ಜ. ಮಾತು ಮುಗಿಸಿ ಬೀಗರ ಕಡೆಗೆ ಓಡುವ ಅವಸರ ಅವನಿಗೆ.

"ತಡೀರಿ, ಮುಗದಿಲ್ಲ. ದಿನಾ ಸಂಜಿಗೆ ನನಗಂತ ಒಂದು ಹೊಡ್ತ."

"ನಿನಗಂದ್ರ? ಯಾವ ಓಣಿ ಲೆಕ್ಕಕ್ಕ?"

"ಯಾವ ಓಣಿ ಲೆಕ್ಕಕ್ಕೂ ಅಲ್ಲ. ನನ್ನ ಲೆಕ್ಕಕ್ಕ. ಆವಾಗ ತಾಟು ಇಳಿಬಿಡೂದುಲ್ಲ, ಅಷ್ಟ ಹೊತ್ತು ನನಗ ಇರೂದುಲ್ಲ."

ಅಜ್ಜ ಹಿರಿಯರ ಕಡೆ ನೋಡಿದ, ಹಿರಿಯರು ಅಜ್ಜನ ಕಡೆ ನೋಡಿದರು. ಕೆಳಗಿನಿಂದ ಬೀಗರು ಕೂಗಿದ್ದು ಕೇಳಿಸಿ ಅಜ್ಜ ತಲೆಯಾಡಿಸಿಬಿಟ್ಟ. ಎಲ್ಲರೂ ತಲೆಯಾಡಿಸಿದರು.

ಅಂದಿನಿಂದ ಹೀಗೆಯೇ ನಡೆದುಬಂದಿದೆ. ಎಂಟು ಓಣಿಗಳು ತಮ್ಮ ತಮ್ಮ ಟಿಣ್ ಟಿಣ್‌ನಲ್ಲಿ ಬದುಕುತ್ತವೆ, ಮಲಗುತ್ತವೆ. ನಾನು ಎಬ್ಬಿಸುತ್ತೇನೆ. ಬಿಸಿಲು ಇಳಿದು ಯಮನೂರಪ್ಪ ಭಟ್ಟಿಯಿಂದ ಹೊರಬೀಳುವ ಹೊತ್ತಿಗೆ ನಾನು ತಲೆ ಬಾಚಿ, ಮುಖ ತೊಳೆದು, ಕೊಡತಿ ಎತ್ತಿ ಒಂದೇ ಒಂದು ಸಲ ಹೊಡೆಯುತ್ತೇನೆ. ಮೆಟ್ಟಿಲು ಮುಗಿಯುತ್ತದೆ, ರುಮಾಲು ಕಾಣುತ್ತದೆ. ಅದೇ ಗಳಿಗೆಗೆ ಊರಿನ ಎಲ್ಲ ಒಲೆಗಳ ಮೇಲೂ ಹಾಲು ಉಕ್ಕಿ ಚೆಲ್ಲುತ್ತದೆ, ಎಂಟೂ ಓಣಿಯ ಹೆಂಗಸರು ಬಾಗಿಲಿಗೆ ಬಂದು ಬುರುಜಿನ ಕಡೆ ಕೈ ಮಾಡಿ ನನ್ನ ಹೆಸರು ಹಿಡಿದು ಬೈಯುತ್ತಾರೆ. ಬೈಯಲಿ.